ಅಂಗಳದ ಲೋಳೆಸರ



ಹೊಲದ ಕೆಲಸ, ಮನೆ ಕೆಲಸ ಎಲ್ಲಾ ಮುಗಿಸಿ ಬಂದಿದ್ದೀರಿ. ಸ್ವಲ್ಪ ಒತ್ತಾಗಿ ಕೂತ್ಕೊಳ್ಳಿ. ಹಿಂದೆ ಇರೋರಿಗೂ ಬೋರ್ಡು ಕಾಣಲಿ.

ಬೋರ್ಡಿನ ಮೇಲೆ ಒಂದು ಪದ ಬರೆದಿದ್ದೇವೆ. ಅಕ್ಷರ ಕೂಡಿಸಿ ಓದಿ. ಲೋ - ಳೆ - ಸ - ರ. ಲೋಳೆಸರ. ಇದರಲ್ಲಿ ಮೊದಲು ಬರೋದು 'ಲ', ಆಮೇಲೆ ಬರೋದು 'ಳ'. ನಾಲಿಗೆ ಎರಡು ಕಡೆ ತಿರುಗುತ್ತೆ. ಎರಡು ಸಲ ಗಟ್ಟಿಯಾಗಿ ಹೇಳಿದರೆ ವ್ಯತ್ಯಾಸ ಗೊತ್ತಾಗುತ್ತೆ.

ಪದ ಓದೋಕೆ ಹೊಸದು. ಗಿಡ ಮಾತ್ರ ಹಳೆಯದು. ನಿಮ್ಮ ಹಿತ್ತಲಲ್ಲೇ ಇದೆ. ದಪ್ಪ ದಪ್ಪ ಎಲೆ. ಎಲೆ ಅಂಚಿಗೆ ಗರಗಸದ ಹಾಗೆ ಸಣ್ಣ ಮುಳ್ಳು. ಮುರಿದರೆ ಒಳಗೆ ಲೋಳೆ ಲೋಳೆ. ಅದಕ್ಕೇ ಆ ಹೆಸರು. ಸಂಸ್ಕೃತದಲ್ಲಿ ಇದನ್ನು ಕುಮಾರಿ ಅಂತಾರೆ. ಮರಾಠಿಯವರು ಕೋರಫಡ ಅಂತಾರೆ. ತೆಲುಗಿನವರು ಕಲಬಂದ ಅಂತಾರೆ. ಅಂಗಡಿಯ ಡಬ್ಬಿ ಮೇಲೆ 'ಅಲೋವೆರಾ' ಅಂತ ಇರುತ್ತೆ. ಎಲ್ಲಾ ಒಂದೇ ಗಿಡ. ಇದರ ಮೂಲ ಅರಬ್ಬರ ದೇಶ. 'ಅಲೋ' ಅನ್ನೋ ಹೆಸರೂ ಅವರ ಮಾತಿನಿಂದಲೇ ಬಂದದ್ದು ಅಂತ ಕೆಲವರು ಹೇಳ್ತಾರೆ. ಕಹಿ ಅಂತ ಅದರ ಅರ್ಥವಂತೆ. ಈ ಕಹಿಯ ವಿಷಯ ಮುಂದೆ ಬರುತ್ತೆ, ನೆನಪಿಡಿ.

ನಮ್ಮ ಕಡೆ ಈ ಗಿಡವನ್ನು ಬೇರು ಸಮೇತ ಕಿತ್ತು ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟುತ್ತಾರೆ. ದೃಷ್ಟಿ ತಾಗದಿರಲಿ ಅಂತ. ಮಣ್ಣಿಲ್ಲ, ನೀರಿಲ್ಲ. ಆದರೂ ತಿಂಗಳುಗಟ್ಟಲೆ ಹಸಿರಾಗೇ ಇರುತ್ತೆ. ಅದರಲ್ಲಿ ಏನೋ ಶಕ್ತಿ ಇದೆ ಅಂತ ಹಿರಿಯರು ಹೇಳ್ತಾರೆ. ಶಕ್ತಿ ಇರೋದು ನಿಜ. ಆ ಶಕ್ತಿ ನೀರನ್ನು ಕೂಡಿಡುವ ಶಕ್ತಿ. ಎಲ್ಲಾ ಗಿಡಗಳ ಎಲೆಯಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿರುತ್ತವೆ. ಬೇರೆ ಗಿಡಗಳು ಹಗಲಲ್ಲಿ ಆ ಬಾಯಿ ತೆರೆಯುತ್ತವೆ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತೆ. ಲೋಳೆಸರ ಹಗಲು ಬಾಯಿ ಮುಚ್ಚಿಕೊಂಡಿರುತ್ತೆ. ರಾತ್ರಿ ತಂಪಾದ ಮೇಲೆ ತೆರೆಯುತ್ತೆ. ಒಳಗಿನ ತಿರುಳಲ್ಲಿ ನೂರಕ್ಕೆ 98 ಪಾಲು ನೀರೇ. ಆ ನೀರನ್ನು ಹನಿ ಹನಿಯಾಗಿ ಖರ್ಚು ಮಾಡುತ್ತಾ ಬದುಕುತ್ತೆ. ಬರಗಾಲದಲ್ಲಿ ಒಂದು ಕೊಡ ನೀರಲ್ಲಿ ದಿನ ತಳ್ಳೋದು ನಿಮಗೆ ಗೊತ್ತಲ್ಲ, ಹಾಗೆ.

ಈಗ ಒಂದು ಎಲೆ ಕತ್ತರಿಸಿ ತೋರಿಸುತ್ತೇವೆ. ಹತ್ತಿರ ಬಂದು ನೋಡಿ.

ಮೇಲೆ ಹಸಿರು ಸಿಪ್ಪೆ. ಕತ್ತರಿಸಿದ ಜಾಗದಲ್ಲಿ, ಸಿಪ್ಪೆಯ ಕೆಳಗೆ, ಹಳದಿ ರಸ ಜಿನುಗುತ್ತಿದೆ. ಮೂಸಿ ನೋಡಿ, ಒಂಥರಾ ವಾಸನೆ. ಇದೇ ಆ ಕಹಿ. ಇದನ್ನು ಒಣಗಿಸಿದರೆ ಕಪ್ಪಗೆ ಗಟ್ಟಿಯಾಗುತ್ತೆ. ಅದನ್ನೇ ಗ್ರಂಥಿಗೆ ಅಂಗಡಿಯಲ್ಲಿ ಕರಿಬೋಳ ಅಂತ ಮಾರೋದು. ಇನ್ನೂ ಒಳಗೆ ಹೋದರೆ ಗಾಜಿನ ಹಾಗೆ ತಿಳಿಯಾದ ತಿರುಳು. ಇದಕ್ಕೆ ಬಣ್ಣ ಇಲ್ಲ, ಹೆಚ್ಚು ವಾಸನೆಯೂ ಇಲ್ಲ.

ಒಂದೇ ಎಲೆಯಲ್ಲಿ ಎರಡು ಬೇರೆ ಬೇರೆ ವಸ್ತು ಇವೆ. ತಿಳಿ ತಿರುಳು ಚರ್ಮಕ್ಕೆ ತಂಪು. ಹಳದಿ ರಸ ಹೊಟ್ಟೆಗೆ ಹೋದರೆ ಭೇದಿ, ಕೆಲವರ ಚರ್ಮಕ್ಕೆ ತಾಗಿದರೆ ಕಡಿತ. ಲೋಳೆಸರದಿಂದ ಆಗುವ ತೊಂದರೆ ಹೆಚ್ಚಾಗಿ ಈ ಎರಡನ್ನೂ ಬೆರೆಸಿ ಬಳಸೋದರಿಂದ ಆಗೋದು.

ಆದ್ದರಿಂದ ಹೀಗೆ ಮಾಡಿ. ಗಿಡದ ಹೊರಸುತ್ತಿನ ಬಲಿತ ಎಲೆಯನ್ನು ಬುಡದಲ್ಲಿ ಕುಯ್ಯಿರಿ. ನಡುವಿನ ಎಳೆ ಎಲೆ ಮುಟ್ಟಬೇಡಿ, ಗಿಡ ಬೆಳೆಯೋದು ಅಲ್ಲಿಂದ. ಕುಯ್ದ ಎಲೆಯನ್ನು ಒಂದು ಲೋಟದಲ್ಲಿ, ಕತ್ತರಿಸಿದ ಭಾಗ ಕೆಳಗೆ ಬರುವಂತೆ ನಿಲ್ಲಿಸಿ. ಕಾಲು ಗಂಟೆ ಬಿಡಿ. ಹಳದಿ ರಸವೆಲ್ಲ ಇಳಿದು ಲೋಟದ ತಳಕ್ಕೆ ಬರುತ್ತೆ. ಆ ರಸ ಚೆಲ್ಲಿಬಿಡಿ. ಎಲೆ ತೊಳೆದು, ಅಂಚಿನ ಮುಳ್ಳು ಕೊಯ್ದು, ಸಿಪ್ಪೆ ಸುಲಿಯಿರಿ. ಒಳಗಿನ ತಿರುಳನ್ನು ಇನ್ನೊಂದು ಸಲ ನೀರಲ್ಲಿ ತೊಳೆಯಿರಿ. ಕೈಯೂ ಚಾಕುವೂ ಶುದ್ಧವಾಗಿರಬೇಕು. ಆವತ್ತಿನ ತಿರುಳು ಆವತ್ತೇ ಬಳಸಿ. ಇಟ್ಟರೆ ಬಣ್ಣ ತಿರುಗುತ್ತೆ, ಹಳಸುತ್ತೆ.

ಇನ್ನೊಂದು ಎಚ್ಚರ. ಬೇಲಿ ಸಾಲಲ್ಲಿ ಕತ್ತಾಳೆ ಬೆಳೆದಿರುತ್ತೆ. ಕೆಲವರು ಭೂತಾಳೆ ಅಂತಾರೆ. ಹಗ್ಗ ಹೊಸೆಯೋಕೆ ನಾರು ತೆಗೀತಾರಲ್ಲ, ಅದು. ದೂರದಿಂದ ನೋಡಿದರೆ ಲೋಳೆಸರದ ದೊಡ್ಡಣ್ಣನ ಹಾಗೆ ಕಾಣುತ್ತೆ. ಆದರೆ ಎರಡಕ್ಕೂ ಸಂಬಂಧ ದೂರ. ಕತ್ತಾಳೆ ಅಮೆರಿಕ ಖಂಡದಿಂದ ಬಂದದ್ದು. ಅದರ ರಸ ಮೈಗೆ ತಾಗಿದರೆ ಉರಿ, ತುರಿ, ಬೊಬ್ಬೆ. ಅದರಲ್ಲಿ ಸೂಜಿಯಂಥ ಅತಿ ಸಣ್ಣ ಹರಳುಗಳಿವೆ, ಅವು ಚರ್ಮಕ್ಕೆ ಚುಚ್ಚುತ್ತವೆ. ಗುರುತು ಹಿಡಿಯೋದು ಹೇಗೆ? ಎಲೆ ಮುರಿದು ನೋಡಿ. ಲೋಳೆಸರ ಲಟಕ್ಕನೆ ಮುರಿಯುತ್ತೆ, ಒಳಗೆ ನಾರಿಲ್ಲ. ಕತ್ತಾಳೆ ಮುರಿಯೋಲ್ಲ, ನಾರು ಎಳೆದುಕೊಂಡು ಬರುತ್ತೆ. ಅದರ ಎಲೆಯ ತುದಿಯಲ್ಲಿ ದಬ್ಬಣದಂಥ ಗಟ್ಟಿ ಮುಳ್ಳೂ ಇರುತ್ತೆ. ಮಕ್ಕಳ ಕೈಲಿ ಎಲೆ ತರಿಸೋರು ಇದನ್ನು ಅವರಿಗೂ ಹೇಳಿಕೊಡಿ.

ಇನ್ನು ಬಳಕೆಗೆ ಬರೋಣ. ಮೊದಲು ಸುಟ್ಟಗಾಯ. ನಮ್ಮ ಹೆಂಗಸರ ಕೈ ನೋಡಿದರೆ ಸಾಕು. ಒಬ್ಬೊಬ್ಬರ ಕೈಮೇಲೂ ಒಂದಾದರೂ ಬಾಣಲೆ ಗುರುತು, ಎಸರಿನ ಗುರುತು ಇರುತ್ತೆ.

ಸುಟ್ಟ ತಕ್ಷಣ ಏನು ಮಾಡ್ತೀರಿ? ಯಾರೋ ಹಲ್ಲುಪೇಸ್ಟು ಅಂದಿರಿ. ಯಾರೋ ಇಂಕು ಅಂದಿರಿ. ತುಪ್ಪ, ಸುಣ್ಣ, ದೋಸೆ ಹಿಟ್ಟು, ಎಲ್ಲಾ ಬಂತು. ಲೋಳೆಸರ ಅಂತಲೂ ಒಬ್ಬರು ಅಂದರು. ಮೊದಲು ಇದು ಯಾವುದೂ ಅಲ್ಲ. ಮೊದಲು ತಣ್ಣೀರು.

ಸುಟ್ಟ ಜಾಗದ ಮೇಲೆ ತಣ್ಣೀರು ಹರಿಯಬೇಕು. ನಲ್ಲಿ ಕೆಳಗೆ ಹಿಡಿಯಿರಿ. ನಲ್ಲಿ ಇಲ್ಲವೇ, ಚೊಂಬಿನಿಂದ ಸುರೀತಾ ಇರಿ. ಎಷ್ಟು ಹೊತ್ತು? 20 ನಿಮಿಷ. ಗಡಿಯಾರ ಇಲ್ಲದವರು ಅನ್ನ ಬೇಯೋ ಹೊತ್ತು ಅಂತ ಇಟ್ಕೊಳ್ಳಿ. ಒಂದು ಸಲ ಅದ್ದಿ ತೆಗೆದರೆ ಸಾಲದು. ಬೆಂಕಿ ಆರಿದ ಮೇಲೂ ಚರ್ಮದೊಳಗೆ ಬಿಸಿ ಇಳೀತಾನೇ ಇರುತ್ತೆ. ಒಲೆಯಿಂದ ಇಳಿಸಿದ ಹಾಲು ಸ್ವಲ್ಪ ಹೊತ್ತು ಕುದಿಯುತ್ತಲ್ಲ, ಹಾಗೆ. ಆ ಬಿಸಿ ತೆಗೆಯೋದು ನೀರು. ಪೇಸ್ಟು, ತುಪ್ಪ ಬಳಿದರೆ ಬಿಸಿಯನ್ನು ಒಳಗೇ ಮುಚ್ಚಿಟ್ಟ ಹಾಗೆ. ಮಂಜುಗಡ್ಡೆಯೂ ಬೇಡ. ಅದು ಚರ್ಮವನ್ನು ಇನ್ನಷ್ಟು ಕೆಡಿಸುತ್ತೆ. ನೀರು ಹಾಕುವಾಗಲೇ ಬಳೆ, ಉಂಗುರ ತೆಗೆದುಬಿಡಿ. ಆಮೇಲೆ ಕೈ ಊದಿಕೊಂಡರೆ ಬರೋಲ್ಲ.

20 ನಿಮಿಷ ಆದ ಮೇಲೆ ನೋಡಿ. ಚರ್ಮ ಬರೀ ಕೆಂಪಾಗಿದೆ, ಉರಿ ಇದೆ, ಸುಲಿದಿಲ್ಲ, ಬೊಬ್ಬೆ ಎದ್ದಿಲ್ಲ, ಜಾಗವೂ ಚಿಕ್ಕದು. ಆಗ ಲೋಳೆಸರದ ತಿರುಳು ಹಚ್ಚಿ. ದಿನಕ್ಕೆ ಎರಡು ಮೂರು ಸಲ. ಉರಿ ಕಡಿಮೆಯಾಗುತ್ತೆ, ಚರ್ಮ ಬಿಗಿಯೋದಿಲ್ಲ. ಇದು ಬರೀ ಅಜ್ಜಿ ಮಾತಲ್ಲ. 1935ರಲ್ಲೇ ಅಮೆರಿಕದ ವೈದ್ಯರು ಎಕ್ಸ್‌ರೇಯಿಂದ ಸುಟ್ಟ ಚರ್ಮಕ್ಕೆ ಹಸಿ ಎಲೆಯನ್ನು ಬಳಸಿ ಅದರ ಬಗ್ಗೆ ಬರೆದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯವರು 1999ರಲ್ಲಿ ಔಷಧಿ ಸಸ್ಯಗಳ ಬಗ್ಗೆ ಒಂದು ದೊಡ್ಡ ಪುಸ್ತಕ ತಂದರು. ಅದರಲ್ಲಿ ಲೋಳೆಸರದ ತಿರುಳಿಗೂ ಜಾಗ ಇದೆ, ಕರಿಬೋಳಕ್ಕೂ ಜಾಗ ಇದೆ. ಎರಡನ್ನೂ ಬೇರೆ ಬೇರೆಯಾಗಿ ಬರೆದಿದ್ದಾರೆ ಅನ್ನೋದನ್ನು ಗಮನಿಸಿ.

ಬೊಬ್ಬೆ ಎದ್ದಿದ್ದರೆ ಒಡೆಯಬೇಡಿ. ಅಂಗೈಗಿಂತ ದೊಡ್ಡ ಗಾಯ, ಮುಖದ ಗಾಯ, ಕೀಲಿನ ಮೇಲಿನ ಗಾಯ, ಗುಪ್ತಾಂಗದ ಗಾಯ, ಮಗುವಿಗೆ ಆದ ಗಾಯ, ಕರೆಂಟಿನಿಂದ ಆದ ಗಾಯ, ಇವಕ್ಕೆ ಮನೆಮದ್ದು ಬೇಡವೇ ಬೇಡ. ನೀರು ಹಾಕಿ, ಶುದ್ಧವಾದ ಬಟ್ಟೆ ಸಡಿಲವಾಗಿ ಹೊದಿಸಿ, ಆಸ್ಪತ್ರೆಗೆ ಹೊರಡಿ. 108ಕ್ಕೆ ಫೋನು ಮಾಡಿದರೆ ಆಂಬುಲೆನ್ಸ್ ಬರುತ್ತೆ, ದುಡ್ಡು ಕೊಡಬೇಕಿಲ್ಲ. ಗಾಯಕ್ಕೆ ಏನಾದರೂ ಬಳಿದುಕೊಂಡು ಹೋದರೆ ವೈದ್ಯರು ಮೊದಲು ಅದನ್ನು ಕೆರೆದು ತೆಗೀಬೇಕು. ಆ ನೋವು ಯಾರಿಗೆ ಬೇಕು?

ಸೀರೆಗೆ ಬೆಂಕಿ ಹತ್ತಿದರೆ ಓಡಬೇಡಿ. ಓಡಿದರೆ ಗಾಳಿಗೆ ಉರಿ ಹೆಚ್ಚುತ್ತೆ. ನೆಲದ ಮೇಲೆ ಉರುಳಿ. ನೋಡಿದವರು ಕಂಬಳಿ ಹೊದಿಸಿ ಒತ್ತಬೇಕು. ಮೈಗೆ ಅಂಟಿದ ಬಟ್ಟೆ ಕೀಳಬಾರದು. ಒಲೆ ಮುಂದೆ ನೈಲಾನ್ ಸೀರೆಗಿಂತ ಹತ್ತಿ ಸೀರೆ ವಾಸಿ, ಸೆರಗು ಸಿಕ್ಕಿಸಿಕೊಂಡಿರಬೇಕು.

ಸುಟ್ಟಗಾಯ ಎಲ್ಲವೂ ಒಲೆಯಿಂದಲೇ ಆಗೋದಿಲ್ಲ. ಅದು ನಿಮಗೂ ಗೊತ್ತು, ನಮಗೂ ಗೊತ್ತು. ಅಂಥ ಮನೆಯಲ್ಲಿ ಇದ್ದವರು 112 ಅನ್ನೋ ಅಂಕಿಯನ್ನು ಕಲಿತುಕೊಳ್ಳಿ. ಪೊಲೀಸರಿಗೆ ಹೋಗುತ್ತೆ. ಹೆಂಗಸರ ಸಹಾಯಕ್ಕೇ ಅಂತ 181 ಇದೆ. ಈ ಎರಡು ಅಂಕಿಗಳನ್ನು ಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿಟ್ಕೊಳ್ಳಿ. ಯಾಕೆ ಬರೆದಿರಿ ಅಂತ ಯಾರಾದರೂ ಕೇಳಿದರೆ ಲೆಕ್ಕದ ಪಾಠ ಅಂತ ಹೇಳಿ.

ದಿನನಿತ್ಯದ ಚರ್ಮದ ಆರೈಕೆಗೆ ಬಂದರೆ ಲೋಳೆಸರದ ಕೆಲಸ ಬಹಳ ಇದೆ. ಬಿಸಿಲಲ್ಲಿ ಕಳೆ ತೆಗೆದು ಬಂದಾಗ ಕತ್ತು, ತೋಳು ಉರಿಯುತ್ತಲ್ಲ, ಅದಕ್ಕೆ ತಿರುಳು ಹಚ್ಚಿ. ಚಳಿಗಾಲದಲ್ಲಿ ಬಿರಿದ ಕೈಗೆ ಹಚ್ಚಿ. ಬೆವರುಸಾಲೆಗೆ ತಂಪು. ತಲೆ ಹೊಟ್ಟಿಗೆ, ಸ್ನಾನಕ್ಕೆ ಅರ್ಧ ಗಂಟೆ ಮೊದಲು ಬುರುಡೆಗೆ ತಿಕ್ಕಿ ತೊಳೆದರೆ ತುರಿಕೆ ಕಡಿಮೆಯಾಗುತ್ತೆ. ಕೂದಲು ಮಾರುದ್ದ ಬೆಳೆಯುತ್ತೆ ಅಂತ ಮಾತ್ರ ನಾವು ಹೇಳೋದಿಲ್ಲ.

ಹಿಮ್ಮಡಿ ಒಡೆದವರು ಎಷ್ಟು ಜನ? ಕೈ ಎತ್ತಿ. ಅಬ್ಬಾ, ಎಲ್ಲರೂ! ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ಕಾಲು ನೆನೆಸಿ. ಸತ್ತ ಚರ್ಮವನ್ನು ಮೆಲ್ಲಗೆ ಉಜ್ಜಿ ತೆಗೆಯಿರಿ. ಒರೆಸಿ, ತಿರುಳು ಹಚ್ಚಿ. ಅದು ಆರುವ ಮೊದಲೇ ಮೇಲೆ ಕೊಬ್ಬರಿ ಎಣ್ಣೆ ಸವರಿ. ತಿರುಳಲ್ಲಿ ಇರೋದು ನೀರು, ಆರಿಹೋಗುತ್ತೆ. ಎಣ್ಣೆ ಆ ನೀರಿಗೆ ಮುಚ್ಚಳ. ಬಿರುಕಿಂದ ರಕ್ತ ಬರ್ತಿದ್ದರೆ ಆಸ್ಪತ್ರೆಯಲ್ಲಿ ತೋರಿಸಿ. ಸಕ್ಕರೆ ಕಾಯಿಲೆ ಇರೋರು ಕಾಲಿನ ಯಾವ ಗಾಯವನ್ನೂ ಮನೆಯಲ್ಲಿ ನೋಡಿಕೊಳ್ಳಬಾರದು.

ಮೊದಲ ಸಲ ಹಚ್ಚೋರು ಮೊಣಕೈ ಒಳಮಗ್ಗುಲಲ್ಲಿ ಕಾಸಿನಗಲ ಹಚ್ಚಿ ಒಂದು ದಿನ ಕಾಯಿರಿ. ತುರಿಕೆ ಬಂದರೆ ಈ ಗಿಡ ನಿಮಗೆ ಆಗಿಬರೋಲ್ಲ ಅಂತ ಬಿಟ್ಟುಬಿಡಿ. ಈರುಳ್ಳಿ, ಬೆಳ್ಳುಳ್ಳಿ ಮುಟ್ಟಿದರೆ ಕೈ ಕಡಿಯುವವರು ಇನ್ನೂ ಹುಷಾರು. ಕಣ್ಣೊಳಗೆ ಯಾವತ್ತೂ ಹಾಕಬಾರದು.

ಆಳವಾದ ಗಾಯಕ್ಕೂ ಹಾಕಬಾರದು. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೇವೆ, ಬಾಣಂತಿಯರ ವಿಷಯ. 1991ರಲ್ಲಿ ಅಮೆರಿಕದ ವೈದ್ಯರು ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಹೆರಿಗೆ ಆಪರೇಷನ್, ಹೊಟ್ಟೆಯ ಆಪರೇಷನ್ ಆಗಿ, ಗಾಯ ಬಿಟ್ಟುಕೊಂಡಿದ್ದ ಹೆಂಗಸರನ್ನು ನೋಡಿದರು. ಕೆಲವರಿಗೆ ಮಾಮೂಲು ಚಿಕಿತ್ಸೆ. ಇನ್ನು ಕೆಲವರಿಗೆ ಅದರ ಜೊತೆಗೆ ಲೋಳೆಸರದ ಜೆಲ್. ಮಾಮೂಲು ಚಿಕಿತ್ಸೆಯವರ ಗಾಯ ಸರಾಸರಿ 53 ದಿನಕ್ಕೆ ಮಾಗಿತು. ಜೆಲ್ ಹಚ್ಚಿದವರಿಗೆ 83 ದಿನ ಬೇಕಾಯಿತು. ಸ್ಲೇಟಲ್ಲಿ ಕಳೆದು ನೋಡಿ. ಎಷ್ಟು ದಿನ ಹೆಚ್ಚು? 30 ದಿನ. ಒಂದು ತಿಂಗಳು. ಮೇಲ್ಚರ್ಮಕ್ಕೆ ಹಿತವಾದದ್ದು ಆಳದ ಗಾಯಕ್ಕೆ ಹಿತವಾಗಲಿಲ್ಲ. ಬಾಣಂತಿಯ ಹೊಲಿಗೆ ಮೇಲೆ ಅತ್ತೆ ಹೇಳಿದರೂ ಹಚ್ಚಬೇಡಿ, ಅಮ್ಮ ಹೇಳಿದರೂ ಹಚ್ಚಬೇಡಿ.

ಹುಳುಕಡ್ಡಿಗೆ ಲೋಳೆಸರ ಸಾಲದು. ಅದಕ್ಕೆ ಬೇರೆ ಮುಲಾಮು ಇದೆ, ವಾಸಿಯಾದಂತೆ ಕಂಡ ಮೇಲೂ ಡಾಕ್ಟರು ಹೇಳಿದಷ್ಟು ದಿನ ಹಚ್ಚಬೇಕು. ಕಜ್ಜಿಗೆ ಮನೆಮಂದಿಯೆಲ್ಲ ಒಟ್ಟಿಗೆ ಔಷಧಿ ಹಚ್ಚಬೇಕು. ಇನ್ನು ಮೈಮೇಲೆ ತಿಳಿಬಣ್ಣದ ಮಚ್ಚೆ ಇದ್ದು, ಅಲ್ಲಿ ಮುಟ್ಟಿದರೆ ಗೊತ್ತಾಗದಿದ್ದರೆ, ಯಾವ ಸೊಪ್ಪನ್ನೂ ಹಚ್ಚುತ್ತಾ ಕೂರಬೇಡಿ. ಅದು ಕುಷ್ಠ ಇರಬಹುದು. ಬೇಗ ತೋರಿಸಿದರೆ ಪೂರ್ತಿ ವಾಸಿಯಾಗುತ್ತೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಬಿಟ್ಟಿ ಕೊಡುತ್ತಾರೆ. ನಾಚಿಕೆಯಿಂದ ಮುಚ್ಚಿಟ್ಟು ಬೆರಳು ಕಳೆದುಕೊಂಡವರಿದ್ದಾರೆ.

ಈಗ ಕುಡಿಯುವ ಮಾತು. ಲೋಳೆಸರದ ರಸ ಕುಡಿದರೆ ಸಕ್ಕರೆ ಕಾಯಿಲೆ ಹೋಗುತ್ತೆ, ಹೊಟ್ಟೆ ಕರಗುತ್ತೆ, ರಕ್ತ ಶುದ್ಧವಾಗುತ್ತೆ ಅಂತ ಮಾರಾಟ ಮಾಡುತ್ತಾರೆ. ಮನೆ ಬಾಗಿಲಿಗೂ ತರುತ್ತಾರೆ. ಇದನ್ನು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬೇಡಿ. ಮಾತ್ರೆಯ ಜೊತೆಗೆ ಕುಡಿದರೆ ಸಕ್ಕರೆ ತೀರಾ ಇಳಿದು ತಲೆ ಸುತ್ತಿ ಬೀಳಲೂಬಹುದು. ಕುಡಿಯೋ ಮನಸ್ಸಿದ್ದರೆ ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಹಳದಿ ರಸ, ಕರಿಬೋಳ, ಇವಂತೂ ಹೊಟ್ಟೆ ಹಿಂಡಿ ಭೇದಿ ಮಾಡಿಸುತ್ತವೆ. ಮೈಯ ನೀರು, ಉಪ್ಪಿನಂಶ ಹೊರಗೆ ಹೋಗುತ್ತೆ. ಅಂಗಡಿಯಲ್ಲಿ ನೇರವಾಗಿ ಮಾರುವ ಭೇದಿ ಔಷಧಿಗಳಲ್ಲಿ ಇದನ್ನು ಹಾಕಬಾರದು ಅಂತ ಅಮೆರಿಕದ ಸರ್ಕಾರ 2002ರಲ್ಲಿ ತೀರ್ಮಾನ ಮಾಡಿತು. ಇದು ಸುರಕ್ಷಿತ ಅನ್ನೋದಕ್ಕೆ ಸಾಕಷ್ಟು ಆಧಾರ ಸಿಗಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಇದನ್ನು ಯಾತಕ್ಕೆ ಕುಡಿಸ್ತಾರೆ ಅಂತ ಬಾಯಿಬಿಟ್ಟು ಹೇಳಲೇಬೇಕು. ಮುಟ್ಟು ನಿಂತಾಗ. ಬೇಡದ ಬಸಿರು ಇಳಿಸೋಕೆ. ಗುಟ್ಟಾಗಿ ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಈ ಮದ್ದು ಹೋಗುತ್ತೆ. ಅಕ್ಕಂದಿರೇ, ಇದು ಜೀವದ ಜೊತೆ ಆಟ. ಗರ್ಭ ಅರ್ಧಂಬರ್ಧ ಹೋಗಿ ರಕ್ತ ನಿಲ್ಲದೇ ಇರಬಹುದು. ಗರ್ಭ ಹೋಗದೇ ತಾಯಿ ಮಾತ್ರ ಹಣ್ಣಾಗಬಹುದು. ಕಾನೂನು ಹೇಳಿದ ಕಾರಣಗಳಿದ್ದರೆ ಆಸ್ಪತ್ರೆಯಲ್ಲಿ, ನುರಿತ ವೈದ್ಯರ ಕೈಯಲ್ಲಿ ಗರ್ಭ ತೆಗೆಸಿಕೊಳ್ಳಬಹುದು. ಆ ಕಾಯಿದೆ ಬಂದದ್ದು 1971ರಲ್ಲಿ. 2021ರಲ್ಲಿ ಅದನ್ನು ತಿದ್ದಿ ಇನ್ನಷ್ಟು ಅವಕಾಶ ಕೊಟ್ಟಿದ್ದಾರೆ. 18 ವರ್ಷ ತುಂಬಿದ ಹೆಂಗಸು ತಾನೇ ಒಪ್ಪಿ ಬರೆದುಕೊಟ್ಟರೆ ಸಾಕು. ಗಂಡನ ಸಹಿ ಬೇಕು ಅಂತ ಕಾಯಿದೆಯಲ್ಲಿ ಇಲ್ಲ. ಗುಟ್ಟನ್ನು ಆಸ್ಪತ್ರೆಯವರು ಕಾಪಾಡಬೇಕು ಅಂತಲೂ ಇದೆ. ಈಗ ನಿಮ್ಮ ಹೆಸರನ್ನು ನೀವೇ ಬರೀತೀರಿ. ಹೆಬ್ಬೆಟ್ಟಿನ ಮೇಲೆ ಯಾರೋ ಏನೋ ಬರೆದುಕೊಂಡರು ಅನ್ನೋ ಭಯ ಇಲ್ಲ. ಸಹಿ ಮಾಡುವ ಮೊದಲು ಕಾಗದದಲ್ಲಿ ಏನಿದೆ ಅಂತ ಕೂಡಿಸಿ ಓದಿ. ಇಂಗ್ಲಿಷಲ್ಲಿದ್ದರೆ ಓದಿ ಹೇಳಿ ಅಂತ ಕೇಳಿ.

ಬಸುರಿಯರು, ಹಾಲೂಡುವ ತಾಯಂದಿರು ಲೋಳೆಸರ ಹೊಟ್ಟೆಗೆ ತಗೊಳ್ಳಬಾರದು. ಮಗುವಿಗೆ ಹಾಲು ಬಿಡಿಸೋಕೆ ಮೊಲೆಗೆ ಕಹಿ ಹಚ್ಚೋ ರೂಢಿ ಕೆಲವು ಕಡೆ ಇದೆ. ಆ ಕಹಿ ಕರಿಬೋಳ ಆದರೆ ಮಗುವಿನ ಹೊಟ್ಟೆ ಕೆಡುತ್ತೆ. ಆರು ತಿಂಗಳ ತನಕ ತಾಯಿಹಾಲು ಮಾತ್ರ. ಆಮೇಲೆ ಮೆತ್ತಗಿನ ಊಟದ ಜೊತೆ ಎರಡು ವರ್ಷ, ಅದಕ್ಕಿಂತ ಹೆಚ್ಚು ದಿನವೂ ಕೊಡಬಹುದು. ಬಿಡಿಸೋದಿದ್ದರೆ ಒಂದೊಂದೇ ಹೊತ್ತು ಕಡಿಮೆ ಮಾಡುತ್ತಾ ಬನ್ನಿ.

ಅಂಗಡಿಯ ಡಬ್ಬಿಗಳ ವಿಷಯ ಕೇಳಿದಿರಿ. ಹಸಿರು ಬಣ್ಣದ ಜೆಲ್ ತೋರಿಸಿ ಇದೇ ಅಸಲು ಅಂತಾರೆ. ಈಗ ತಾನೇ ಎಲೆ ಸುಲಿದು ನೋಡಿದಿರಿ, ತಿರುಳಿಗೆ ಹಸಿರು ಬಣ್ಣ ಇತ್ತಾ? ಇರಲಿಲ್ಲ. ಬಣ್ಣ ಅವರು ಹಾಕಿದ್ದು. ಡಬ್ಬಿ ಕೊಂಡರೆ ಬೆಲೆಯ ಅಂಕಿ ಓದಿ, ಯಾವ ತಿಂಗಳು ಯಾವ ವರ್ಷದ ತನಕ ಬಳಸಬಹುದು ಅನ್ನೋ ಅಂಕಿ ಓದಿ. ಅಂಕಿ ಇಂಗ್ಲಿಷಿನದಾದರೂ ಈಗ ನಿಮಗೆ ಗೊತ್ತು. ಅಳಿಸಿಹೋಗಿದ್ದರೆ ವಾಪಸು ಕೊಡಿ.

ಲೋಳೆಸರ ಹಚ್ಚಿದರೆ ಬೆಳ್ಳಗಾಗ್ತೀವಾ ಅಂತ ಹಿಂದಿನಿಂದ ಒಂದು ಹುಡುಗಿ ಕೇಳಿದಳು. ಇಲ್ಲ ಮಗಳೇ, ಆಗೋಲ್ಲ. ಆಗಬೇಕಾಗಿಯೂ ಇಲ್ಲ. ಚರ್ಮದ ಬಣ್ಣ ಹುಟ್ಟಿನಿಂದ ಬಂದದ್ದು, ಅದೇ ನಮ್ಮನ್ನು ಬಿಸಿಲಿನಿಂದ ಕಾಪಾಡೋದು. ಬೇಗ ಬೆಳ್ಳಗೆ ಮಾಡುತ್ತೇವೆ ಅನ್ನೋ ಕೆಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಅನ್ನೋ ಔಷಧಿ ಇರುತ್ತೆ. ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತೆ, ಮೊಡವೆ ಏಳುತ್ತೆ, ಹೆಂಗಸರ ಕೆನ್ನೆ ಮೇಲೆ ಕೂದಲೂ ಬರುತ್ತೆ. ಬಿಟ್ಟರೆ ಉರಿ, ಹಚ್ಚಿದರೆ ಹಾಳು. ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲಿ ಆಜ್ಞೆ ಮಾಡಿದೆ. ಅಂಗಡಿಯವರು ಕೊಟ್ಟರೂ ನೀವು ತಗೋಬೇಡಿ. ನಿಶ್ಚಯದ ದಿನ ಹತ್ತಿರ ಬಂದಾಗ ಹುಡುಗಿಯರ ಕೈಗೆ ಇಂಥದ್ದನ್ನು ಕೊಡೋದು ಮನೆಯ ಹಿರಿಯರೇ. ಅವರಿಗೂ ಈ ಮಾತು ಮುಟ್ಟಿಸಿ.

ಗಿಡ ಇಲ್ಲದವರು ಬೆಳೆಸಿಕೊಳ್ಳಿ. ಬೀಜ ಬೇಡ. ತಾಯಿ ಗಿಡದ ಬುಡದಲ್ಲಿ ಮರಿಗಳು ಏಳುತ್ತವೆ. ಬೇರು ಸಮೇತ ಒಂದು ಮರಿ ಕಿತ್ತು, ಒಂದೆರಡು ದಿನ ನೆರಳಲ್ಲಿ ಗಾಯ ಒಣಗಿಸಿ, ಮರಳು ಬೆರೆತ ಮಣ್ಣಿಗೆ ನೆಡಿ. ಮೊದಲ ವಾರ ನೀರು ಕಡಿಮೆ ಹಾಕಿ. ಆಮೇಲೂ ಮಣ್ಣು ಪೂರ್ತಿ ಒಣಗಿದ ಮೇಲೇ ನೀರು. ಈ ಗಿಡ ಸಾಯೋದು ನೀರು ಹೆಚ್ಚಾಗಿ, ಬೇರು ಕೊಳೆತು. ಮಳೆಗಾಲದಲ್ಲಿ ಸೂರಿನ ನೀರು ಬೀಳುವ ಜಾಗದಿಂದ ದೂರ ಇಡಿ. ಬಚ್ಚಲ ನೀರು ಹರಿಯುವ ಕಡೆ ನುಗ್ಗೆಯೋ ಬಾಳೆಯೋ ಇರಲಿ, ಇದು ಬೇಡ. ಎಲೆ ದಪ್ಪಗಾಗೋಕೆ ಸುಮಾರು ಒಂದು ವರ್ಷ ಬೇಕು, ಅಲ್ಲಿಯ ತನಕ ಕುಯ್ಯಬೇಡಿ.

ನಮ್ಮ ಶಾಲೆಯ ಬೇಲಿ ಪಕ್ಕ ಮರಿಗಳು ಬೇಕಾದಷ್ಟು ಎದ್ದಿವೆ. ಬರುವ ಸೋಮವಾರ ಕಿತ್ತು ಇಟ್ಟಿರುತ್ತೇವೆ. ಕುಂಡ ಕೊಳ್ಳಬೇಕಿಲ್ಲ. ಒಡೆದ ಬಕೆಟ್ಟು, ಹಳೇ ಎಣ್ಣೆ ಡಬ್ಬ, ಏನಿದ್ದರೂ ತನ್ನಿ. ತಳಕ್ಕೆ ಮೂರು ತೂತು ಮಾತ್ರ ಹೊಡೆದು ತನ್ನಿ. ಡಬ್ಬದ ಮೇಲೆ ಸುಣ್ಣದಲ್ಲಿ ನಿಮ್ಮ ಹೆಸರು ಬರೆದಿರಲಿ, ಯಾರದು ಯಾವುದು ಅಂತ ಗೊತ್ತಾಗಬೇಕಲ್ಲ.